ಮೇಲ್ ಹೋಗುತ್ತಿದೆ, ಉತ್ತರ ಬರುತ್ತಿಲ್ಲ: ಕೋಲ್ಡ್ ಇಮೇಲ್‌ನಲ್ಲಿ ದೋಷ ಹುಡುಕುವ ಬಗೆ

ಹುಬ್ಬಳ್ಳಿಯಲ್ಲಿ ನಮ್ಮದು ನಾಲ್ಕು ಜನರ ಚಿಕ್ಕ ಏಜೆನ್ಸಿ. ಕಾರ್ಖಾನೆಗಳಿಗೆ ವೆಬ್‌ಸೈಟ್, ಪ್ರಾಡಕ್ಟ್ ಕ್ಯಾಟಲಾಗ್ ಮಾಡಿಕೊಡುತ್ತೇವೆ. ಮೊದಲೆಲ್ಲ ಗಿರಾಕಿಗಳು ಬಾಯಿಮಾತಿನಿಂದಲೇ ಬರುತ್ತಿದ್ದರು. ಅದು ಸಾಲದಾದಾಗ ಬೆಳಗಾವಿ ಉದ್ಯಮಬಾಗ್‌ನ ಫೌಂಡ್ರಿ, ಹೈಡ್ರಾಲಿಕ್ಸ್ ಯೂನಿಟ್‌ಗಳಿಗೂ ಬೆಂಗಳೂರು ಪೀಣ್ಯದ ಮಷಿನ್ ಶಾಪ್‌ಗಳಿಗೂ ಕೋಲ್ಡ್ ಇಮೇಲ್, ಅಂದರೆ ಪರಿಚಯವಿಲ್ಲದವರಿಗೆ ಕೆಲಸ ಕೇಳಿ ಬರೆಯುವ ಮೇಲ್, ಕಳಿಸಲು ಶುರು ಮಾಡಿದೆವು. ಮೂರು ವಾರ, 240 ಮೇಲ್. ಒಂದೂ ಉತ್ತರ ಇಲ್ಲ.

ಆಗ ನಾವು ಮಾಡಿದ್ದು ಸಬ್ಜೆಕ್ಟ್ ಲೈನ್ ಬದಲಿಸುವ ಕೆಲಸ. ಅದೂ ಆಗಲಿಲ್ಲ ಅಂತ ಮೇಲ್ ಚಿಕ್ಕದು ಮಾಡಿದೆವು. ಆಮೇಲೆ ಕಳಿಸುವ ಹೊತ್ತು ಬದಲಿಸಿದೆವು. ಕೊನೆಗೆ ಪರಿಚಯದ ಫೌಂಡ್ರಿ ಮಾಲೀಕರೊಬ್ಬರಿಗೆ ಫೋನ್ ಮಾಡಿ, ಸ್ವಲ್ಪ ಸ್ಪ್ಯಾಮ್ ಫೋಲ್ಡರ್ ನೋಡಿ ಅಂತ ಕೇಳಿಕೊಂಡೆ. ಅವರಿಗೆ ಕಳಿಸಿದ್ದ ಮೂರು ಮೇಲ್‌ಗಳೂ ಅಲ್ಲೇ ಸಾಲಾಗಿ ಬಿದ್ದಿದ್ದವು. ಯಾರ ಕಣ್ಣಿಗೂ ಬೀಳದ ಪತ್ರವನ್ನು ಮೂರು ವಾರ ತಿದ್ದಿದ್ದೆವು.

ಮೋಟರ್ ಓಡುತ್ತಿದೆ, ನಲ್ಲಿಯಲ್ಲಿ ನೀರಿಲ್ಲ ಅಂದರೆ ಯಾರೂ ಮೊದಲು ನಲ್ಲಿ ಬದಲಿಸುವುದಿಲ್ಲ, ಅಲ್ವಾ? ಪೈಪ್ ಎಲ್ಲಿ ಒಡೆದಿದೆ ಅಂತ ಹುಡುಕುತ್ತಾರೆ. ಇಲ್ಲೂ ಅದೇ ಕ್ರಮ. ಮೇಲ್ ಅವರ ಸರ್ವರ್ ಮುಟ್ಟಿತಾ? ಮುಟ್ಟಿದ್ದು ಇನ್‌ಬಾಕ್ಸ್‌ಗೆ ಬಿತ್ತಾ? ಬಿದ್ದದ್ದು ಸರಿಯಾದ ಮನುಷ್ಯನ ಕಣ್ಣಿಗೆ ಬಿತ್ತಾ? ಓದಿದವರಿಗೆ ಉತ್ತರ ಕೊಡಬೇಕು ಅನ್ನಿಸಿತಾ? ಈ ಕ್ರಮದಲ್ಲೇ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಪರೀಕ್ಷೆ ಮುಗಿಯುವ ತನಕ ಹೊಸ ಮೇಲ್ ಕಳಿಸುವುದನ್ನು ನಿಲ್ಲಿಸಿ. ಕೆಟ್ಟ ಸ್ಥಿತಿಯಲ್ಲಿ ಕಳಿಸಿದ ಪ್ರತಿ ಮೇಲ್‌ನಿಂದ ನಿಮ್ಮ ಡೊಮೇನಿನ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಭಾಗ) ಹೆಸರು, ಅಂದರೆ ಮರ್ಯಾದೆ, ಇನ್ನಷ್ಟು ಕೆಡುತ್ತದೆ.

ಲಕ್ಷಣ 1: ಮೇಲ್ ವಾಪಸ್ ಬರುತ್ತಿದೆ

ಇದು ಎಲ್ಲಕ್ಕಿಂತ ಸುಲಭದ ದೋಷ. ವಾಪಸ್ ಬಂದ ಮೇಲ್‌ನಲ್ಲೇ ಕಾರಣ ಬರೆದಿರುತ್ತದೆ. ತುಂಬ ಜನ ಅದನ್ನು ಓದದೆ ಅಳಿಸಿಬಿಡುತ್ತಾರೆ. ದಯವಿಟ್ಟು ಅಳಿಸಬೇಡಿ, ಅದರಲ್ಲಿರುವ ನಂಬರ್ ಹುಡುಕಿ.

5ರಿಂದ ಶುರುವಾಗುವ ಕೋಡ್ ಅಂದರೆ ಆ ಸರ್ವರ್ ಖಡಾಖಂಡಿತವಾಗಿ ಬೇಡ ಅಂದಿದೆ. 4ರಿಂದ ಶುರುವಾದರೆ ಈಗ ಬೇಡ, ಆಮೇಲೆ ನೋಡೋಣ ಅಂದ ಹಾಗೆ. 550 5.1.1 ಬಂದರೆ ಆ ವಿಳಾಸವೇ ಇಲ್ಲ. ಮ್ಯಾನೇಜರ್ ಕೆಲಸ ಬಿಟ್ಟಿರಬಹುದು, ಲಿಸ್ಟ್ ಹಳೆಯದಿರಬಹುದು. 5.7ರಿಂದ ಶುರುವಾಗಿದ್ದರೆ ತಕರಾರು ವಿಳಾಸದ್ದಲ್ಲ, ನಿಮ್ಮ ಮೇಲ್ ಅವರಿಗೆ ನಂಬಿಕೆ ಹುಟ್ಟಿಸಿಲ್ಲ. ಜಿಮೇಲ್‌ನಿಂದ 5.7.26 ಬಂದರೆ ನಿಮ್ಮ ಡೊಮೇನಿನ ದೃಢೀಕರಣ, ಅಂದರೆ ಮೇಲ್ ನಿಜವಾಗಿ ನಿಮ್ಮದೇ ಅನ್ನುವ ಗುರುತು, ಸರಿಯಿಲ್ಲ ಅಂತಲೇ ಅರ್ಥ. ನೇರವಾಗಿ ಲಕ್ಷಣ 2ಕ್ಕೆ ಹೋಗಿ. 4.7 ಬಂದರೆ ನೀವು ಅವಸರದಲ್ಲಿ ಜಾಸ್ತಿ ಕಳಿಸುತ್ತಿರಬಹುದು.

ವಿಳಾಸವಿಲ್ಲ ಅಂತ ವಾಪಸ್ ಬರುವುದು ನೂರಕ್ಕೆ ಎರಡನ್ನು ದಾಟಿದರೆ ನಾನು ಆ ಲಿಸ್ಟನ್ನೇ ಕೈಬಿಡುತ್ತೇನೆ. ಒಂದು ಎಚ್ಚರ: ಕೆಲವು ಡೊಮೇನ್‌ಗಳು ಯಾವ ಹೆಸರಿಗೆ ಕಳಿಸಿದರೂ ಒಳಗೆ ಬಿಟ್ಟುಕೊಳ್ಳುತ್ತವೆ. ಅವನ್ನು ಕ್ಯಾಚ್-ಆಲ್ ಅನ್ನುತ್ತಾರೆ. ಅಂಥ ಕಡೆ ಮೇಲ್ ಬೌನ್ಸ್ ಆಗಲಿಲ್ಲ, ಅಂದರೆ ವಾಪಸ್ ಬರಲಿಲ್ಲ, ಎಂದ ಮಾತ್ರಕ್ಕೆ ಆ ಹೆಸರಿನ ಮನುಷ್ಯ ಅಲ್ಲಿದ್ದಾನೆ ಎಂದಲ್ಲ.

ಲಕ್ಷಣ 2: ವಾಪಸ್ ಬರುವುದಿಲ್ಲ, ಉತ್ತರವೂ ಇಲ್ಲ, ಪೂರ್ತಿ ನಿಶ್ಶಬ್ದ

ನೂರಾರು ಮೇಲ್‌ಗೆ 'ಬೇಡ' ಅನ್ನುವ ಉತ್ತರ ಕೂಡ ಬರದಿದ್ದರೆ ಬರವಣಿಗೆಯ ಮೇಲೆ ಅನುಮಾನ ಬೇಡ. ಕೆಟ್ಟದಾಗಿ ಬರೆದ ಮೇಲ್‌ಗೂ ಒಬ್ಬರಾದರೂ ಸಿಟ್ಟಿನಿಂದ ಉತ್ತರ ಕೊಡುತ್ತಾರೆ. ಪೂರ್ತಿ ನಿಶ್ಶಬ್ದ ಅಂದರೆ ಮೊದಲ ಅನುಮಾನ ಸ್ಪ್ಯಾಮ್ ಫೋಲ್ಡರ್ ಮೇಲೆ.

ಪರೀಕ್ಷೆ ಹೀಗೆ ಮಾಡಿ. ನೀವು ಈವರೆಗೆ ಒಂದೂ ಮೇಲ್ ಕಳಿಸದ ಒಂದು ಜಿಮೇಲ್, ಒಂದು ಔಟ್‌ಲುಕ್, ಒಂದು ಜೋಹೊ ವಿಳಾಸ ಹುಡುಕಿ. ಬಂಧುಗಳದ್ದೋ ಸ್ನೇಹಿತರ ಆಫೀಸಿನದ್ದೋ ಆಗಬಹುದು. ನಿಮ್ಮದೇ ಜಿಮೇಲ್‌ಗೆ ಕಳಿಸಿ 'ಇನ್‌ಬಾಕ್ಸ್‌ಗೇ ಬಂತಲ್ಲ' ಅಂದುಕೊಳ್ಳಬೇಡಿ. ಹಿಂದೆ ಮಾತಾಡಿದ ಪರಿಚಯ ಇರುವುದರಿಂದ ಅಲ್ಲಿ ಬಂದೇ ಬರುತ್ತದೆ. ಗಿರಾಕಿಗಳಿಗೆ ಕಳಿಸುವ ಮೇಲ್ ಏನಿದೆಯೋ ಅದನ್ನೇ, ಲಿಂಕ್ ಸಹಿ ಸಮೇತ ಕಳಿಸಿ. 'ಟೆಸ್ಟ್' ಅಂತ ಒಂದು ಪದ ಬರೆದು ಕಳಿಸಿದರೆ ಉಪಯೋಗವಿಲ್ಲ.

ಆಮೇಲೆ ಆ ಜಿಮೇಲ್ ಅನ್ನು ಕಂಪ್ಯೂಟರ್‌ನಲ್ಲಿ ತೆರೆದು, ಮೇಲ್‌ನ ಬಲಗಡೆ ಇರುವ ಮೂರು ಚುಕ್ಕೆ ಒತ್ತಿ, 'ಶೋ ಒರಿಜಿನಲ್' ಆರಿಸಿ. ಮೇಲ್ಗಡೆ ಒಂದು ಚಿಕ್ಕ ಪಟ್ಟಿ ಬರುತ್ತದೆ. ಅದರಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಸಾಲು ನೋಡಿ. ಎಸ್‌ಪಿಎಫ್ ಅಂದರೆ ಈ ಡೊಮೇನಿನ ಹೆಸರಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಒಪ್ಪಿಗೆ ಇದೆ ಅನ್ನುವ ಪಟ್ಟಿ. ಡಿಕಿಮ್ ಅಂದರೆ ಮೇಲ್‌ಗೆ ಹಾಕುವ ಮುದ್ರೆ. ಇವೆರಡೂ ನಿಮ್ಮ 'ಫ್ರಮ್' ಹೆಸರಿಗೆ ಹೊಂದದಿದ್ದರೆ ಏನು ಮಾಡಬೇಕು ಅಂತ ಹೇಳುವುದು ಡಿಮಾರ್ಕ್.

ನಮ್ಮ ಮೇಲ್‌ನಲ್ಲಿ ಎಸ್‌ಪಿಎಫ್ ಎದುರು 'ಪರ್ಮ್‌ಎರರ್', ಅಂದರೆ ಆ ಸಾಲೇ ತಪ್ಪಾಗಿದೆ, ಅಂತ ಇತ್ತು. ಡಿಎನ್‌ಎಸ್ (ಡೊಮೇನಿನ ದಾಖಲೆಗಳಿರುವ ಜಾಗ) ತೆರೆದರೆ ಎರಡು ಎಸ್‌ಪಿಎಫ್ ಸಾಲು. ಒಂದು ನಾವು ಆಫೀಸ್ ಮೇಲ್‌ಗೆ ಬಳಸುವ ಗೂಗಲ್ ವರ್ಕ್‌ಸ್ಪೇಸ್‌ನದು. ಇನ್ನೊಂದು, ವೆಬ್‌ಸೈಟಿನ ಎನ್‌ಕ್ವೈರಿ ಫಾರಂ ಮೇಲ್ ಕಳಿಸಲಿ ಅಂತ ಯಾವತ್ತೋ ಸೇರಿಸಿದ್ದು. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಎರಡರ ಒಳಗಿದ್ದದ್ದನ್ನೂ ಒಂದೇ ಸಾಲಿಗೆ ಸೇರಿಸಿದೆವು. ಇನ್ನೊಂದು ಮಿತಿಯೂ ಇದೆ: ಆ ಸಾಲನ್ನು ಪರೀಕ್ಷಿಸುವಾಗ 10ಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟ ಆಗಬಾರದು. ಬಿಲ್ಲಿಂಗ್ ಸಾಫ್ಟ್‌ವೇರ್, ನ್ಯೂಸ್‌ಲೆಟರ್, ಗಿರಾಕಿಗಳ ವಿವರ ಇಡುವ ಸಿಆರ್‌ಎಂ ಅಂತ ಒಂದೊಂದೇ ಸೇರಿಸುತ್ತಾ ಹೋದವರು ಗೊತ್ತಿಲ್ಲದೇ ಈ ಮಿತಿ ದಾಟಿರುತ್ತಾರೆ.

ಡಿಕಿಮ್ ವಿಷಯದಲ್ಲಿ ನಾನು ತುಂಬ ಹೊತ್ತು ಕಳೆದೆ. 'ಪಾಸ್' ಅಂತಲೇ ಬರೆದಿತ್ತು, ಹಾಗಾಗಿ ಮುಂದೆ ಹೋಗಿಬಿಟ್ಟೆ. ಮಾರನೆಯ ದಿನ ಮತ್ತೆ ನೋಡಿದಾಗ ಪಕ್ಕದಲ್ಲಿದ್ದ ಡೊಮೇನ್ ಕಣ್ಣಿಗೆ ಬಿತ್ತು. ಅದು ನಮ್ಮ ಹೆಸರಿನಂತೆಯೇ ಶುರುವಾಗಿ 'ಗ್ಯಾಪ್ಸ್‌ಎಸ್‌ಎಂಟಿಪಿ ಡಾಟ್ ಕಾಮ್' ಎಂದು ಮುಗಿಯುತ್ತಿತ್ತು. ಅಂದರೆ ಮುದ್ರೆ ನಮ್ಮದಲ್ಲ, ಗೂಗಲ್ ತಾನೇ ಹಾಕಿದ್ದು. ವರ್ಕ್‌ಸ್ಪೇಸ್‌ನಲ್ಲಿ ಡಿಕಿಮ್ ಕೀ ತಯಾರಿಸಿ, ಡಿಎನ್‌ಎಸ್‌ಗೆ ಸೇರಿಸಿದ ಮೇಲೆ, ಅಡ್ಮಿನ್ ಕನ್ಸೋಲ್‌ಗೆ ವಾಪಸ್ ಬಂದು 'ಸ್ಟಾರ್ಟ್ ಅಥೆಂಟಿಕೇಶನ್' ಬಟನ್ ಒತ್ತಬೇಕು. ನಾವು ಕೀ ಸೇರಿಸಿದ್ದೆವು, ಬಟನ್ ಒತ್ತಿರಲಿಲ್ಲ. ಎಸ್‌ಪಿಎಫ್ ಮುರಿದಿದೆ, ಡಿಕಿಮ್ ನಮ್ಮ ಹೆಸರಲ್ಲಿಲ್ಲ. ಇನ್ನು ಡಿಮಾರ್ಕ್ ಪಾಸ್ ಆಗುವುದು ಎಲ್ಲಿಂದ? ಆದ್ದರಿಂದ 'ಪಾಸ್' ಅನ್ನುವ ಪದ ಮಾತ್ರ ನೋಡಬೇಡಿ, ಅದರ ಪಕ್ಕದ ಡೊಮೇನನ್ನೂ ಅಕ್ಷರ ಅಕ್ಷರ ಓದಿ.

ಡಿಮಾರ್ಕ್ ಸಾಲು ಇನ್ನೂ ಹಾಕಿಲ್ಲದಿದ್ದರೆ 'ನನ್' (none, ಅಂದರೆ ಸದ್ಯಕ್ಕೆ ಏನೂ ಮಾಡಬೇಡಿ) ನೀತಿಯಿಂದ ಶುರು ಮಾಡಿ, ವರದಿ ಬರುವ ವಿಳಾಸ ಕೊಡಿ. ಒಂದೆರಡು ವಾರ ವರದಿ ನೋಡಿ, ನಿಮ್ಮದೇ ಮೇಲ್‌ಗಳೆಲ್ಲ ಪಾಸ್ ಆಗುತ್ತಿವೆ ಅಂತ ಖಾತ್ರಿಯಾದ ಮೇಲೆ ಬಿಗಿ ಮಾಡಿ. ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಈ ನಿಯಮಗಳನ್ನು ಗಟ್ಟಿ ಮಾಡಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ ಈ ಮೂರೂ ಕಡ್ಡಾಯ. ಅಷ್ಟು ಕಳಿಸದವರಿಗೂ ಎಸ್‌ಪಿಎಫ್, ಡಿಕಿಮ್‌ಗಳಲ್ಲಿ ಒಂದಾದರೂ ಬೇಕೇ ಬೇಕು. ಮೈಕ್ರೋಸಾಫ್ಟ್ ಕೂಡ 2025ರ ಮೇ ತಿಂಗಳಿಂದ ತನ್ನ ಔಟ್‌ಲುಕ್ ವಿಳಾಸಗಳಿಗೆ ಇಂಥದ್ದೇ ನಿಯಮ ತಂದಿದೆ. ನಾವು ಚಿಕ್ಕವರು, ನಮಗೇಕೆ ಅನ್ನಬೇಡಿ. ಮೂರನ್ನೂ ಹಾಕಿಬಿಡಿ, ಒಂದು ಮಧ್ಯಾಹ್ನದ ಕೆಲಸ.

ಲಕ್ಷಣ 3: ದೃಢೀಕರಣ ಎಲ್ಲ ಸರಿ, ಆದರೂ ಸ್ಪ್ಯಾಮ್‌ಗೇ ಹೋಗುತ್ತಿದೆ

ಗುರುತಿನ ಚೀಟಿ ಸರಿ ಇದೆ ಎಂದ ಮಾತ್ರಕ್ಕೆ ಮರ್ಯಾದೆ ಸಿಗುವುದಿಲ್ಲ. ಈಗ ನೋಡಬೇಕಾದ್ದು ಡೊಮೇನಿನ ಹೆಸರು ಹೇಗಿದೆ ಎಂದು.

ಮೊದಲು, ಎಷ್ಟು ವೇಗದಲ್ಲಿ ಕಳಿಸಿದಿರಿ? ವರ್ಕ್‌ಸ್ಪೇಸ್‌ನ ದಿನದ ಮಿತಿ 2000 ಇದೆ, ಕಳಿಸಿದರೆ ಏನಾಗುತ್ತೆ ಅಂತ ಕೇಳುವವರಿದ್ದಾರೆ. ಅದು ಗೂಗಲ್ ತಡೆಯುವ ಗಡಿ, ನಿಮಗೆ ಕೊಟ್ಟ ಸಲಹೆ ಅಲ್ಲ. ಹೋದ ವಾರ ಕೊಂಡ ಡೊಮೇನಿನಿಂದ ಇವತ್ತು 100 ಅಪರಿಚಿತರಿಗೆ ಮೇಲ್ ಹೋದರೆ ಯಾವ ಫಿಲ್ಟರ್ ಆದರೂ ಅನುಮಾನ ಪಡುತ್ತದೆ. ನಾವು ಈಗ ಹೊಸ ಡೊಮೇನನ್ನು ಮೊದಲ ಕೆಲವು ವಾರ ನಿಜವಾದ ಮೇಲ್‌ಗೆ ಮಾತ್ರ ಬಳಸುತ್ತೇವೆ. ಆಮೇಲೆ ದಿನಕ್ಕೆ ಐದು, ಹತ್ತು, ಹೀಗೆ ಏರಿಸಿ ಒಂದು ಮೇಲ್‌ಬಾಕ್ಸ್‌ಗೆ 30ರ ಹತ್ತಿರ ನಿಲ್ಲಿಸುತ್ತೇವೆ. ತಾವೇ ತಮ್ಮೊಳಗೆ ಸುಳ್ಳು ಮೇಲ್ ಓಡಾಡಿಸಿ ಹೆಸರು ಗಳಿಸಿಕೊಡುವ ವಾರ್ಮ್-ಅಪ್ ಸಾಧನಗಳನ್ನು ನಾನು ನಂಬುವುದಿಲ್ಲ. ನಿಜವಾದ ಜನರ ನಿಜವಾದ ಉತ್ತರದಿಂದ ಬಂದ ಹೆಸರೇ ಗಟ್ಟಿ.

ಎರಡನೆಯದು ದೂರು. ಗೂಗಲ್ ಹೇಳುವ ಪ್ರಕಾರ ಸ್ಪ್ಯಾಮ್ ದೂರಿನ ಪ್ರಮಾಣ 0.3%ಗೆ ಮುಟ್ಟಬಾರದು, 0.1%ಗಿಂತ ಕೆಳಗಿದ್ದರೆ ಒಳ್ಳೆಯದು. 0.3% ಅಂದರೆ ಸಾವಿರಕ್ಕೆ ಮೂರು. ದಿನಕ್ಕೆ 30 ಕಳಿಸುವವರಿಗೆ ಒಬ್ಬರು 'ಸ್ಪ್ಯಾಮ್' ಬಟನ್ ಒತ್ತಿದರೂ ಆ ದಿನದ ಲೆಕ್ಕ 3% ದಾಟಿತು. ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಈ ಅಂಕಿ ಸಿಗುತ್ತದೆ, ಆದರೆ ನಮ್ಮಷ್ಟು ಕಡಿಮೆ ಕಳಿಸುವವರಿಗೆ ಅಲ್ಲಿ ಬಹಳ ಸಲ ಏನೂ ಕಾಣಿಸುವುದಿಲ್ಲ. ಅದು ಖಾಲಿ ಇದೆ ಅಂದರೆ ಎಲ್ಲ ಸರಿ ಇದೆ ಅಂತ ತಿಳಿಯಬೇಡಿ.

ಮೂರನೆಯದು ಲಿಂಕ್. ಮೇಲ್ ಕಳಿಸುವ ಸಾಧನಗಳು ಕ್ಲಿಕ್ ಎಣಿಸಲು ನಿಮ್ಮ ಲಿಂಕನ್ನು ತಮ್ಮ ಡೊಮೇನಿಗೆ ತಿರುಗಿಸುತ್ತವೆ. ಆ ಡೊಮೇನನ್ನು ನಿಮ್ಮ ಜೊತೆ ಸಾವಿರಾರು ಜನ ಹಂಚಿಕೊಂಡಿರುತ್ತಾರೆ. ಅವರಲ್ಲಿ ಯಾರೋ ಮಾಡಿದ ತಪ್ಪಿಗೆ ನಿಮ್ಮ ಮೇಲ್ ಸಿಕ್ಕಿಬೀಳುತ್ತದೆ. ಈ ಎಣಿಕೆಯನ್ನು, ಅಂದರೆ ಟ್ರ್ಯಾಕಿಂಗ್ ಅನ್ನು, ಆಫ್ ಮಾಡಿ, ಮತ್ತೆ ಪರೀಕ್ಷೆ ಮೇಲ್ ಕಳಿಸಿ ನೋಡಿ. ಮೊದಲ ಮೇಲ್‌ನಲ್ಲಿ ಲಿಂಕೇ ಬೇಡ, ಪಿಡಿಎಫ್ ಅಂತೂ ಬೇಡವೇ ಬೇಡ. ಜೊತೆಗೆ ಸ್ಪ್ಯಾಮ್‌ಹೌಸ್ ತಾಣದಲ್ಲಿ ನಿಮ್ಮ ಡೊಮೇನ್ ಹಾಕಿ, ಕಪ್ಪುಪಟ್ಟಿಗೆ ಸೇರಿದೆಯಾ ನೋಡಿ.

ಇಲ್ಲಿ ತುಂಬ ಕೆಲಸಕ್ಕೆ ಬಂದ ಒಂದು ಉಪಾಯ ಹೇಳುತ್ತೇನೆ. ನಿಮ್ಮ ಲಿಸ್ಟಿನ ಪ್ರತಿ ಡೊಮೇನಿನ ಎಂಎಕ್ಸ್ ದಾಖಲೆ, ಅಂದರೆ ಅವರ ಮೇಲ್ ಯಾವ ಸರ್ವರ್‌ಗೆ ಬರುತ್ತದೆ ಅಂತ ಡಿಎನ್‌ಎಸ್‌ನಲ್ಲಿರುವ ಸಾಲು, ನೋಡಿ. ಅವರ ಮೇಲ್ ಗೂಗಲ್‌ನಲ್ಲಿದೆಯಾ, ಮೈಕ್ರೋಸಾಫ್ಟ್‌ನಲ್ಲಿದೆಯಾ, ಜೋಹೊದಲ್ಲಿದೆಯಾ, ವೆಬ್ ಹೋಸ್ಟಿಂಗ್ ಜೊತೆ ಬಂದದ್ದಾ ಅಂತ ಗೊತ್ತಾಗುತ್ತದೆ. ಎಕ್ಸೆಲ್‌ನಲ್ಲಿ ಒಂದು ಕಾಲಂ ಹಾಕಿ ಬರೆದುಕೊಳ್ಳಿ. ಉತ್ತರಗಳೆಲ್ಲ ಗೂಗಲ್ ಕಡೆಯಿಂದ ಬಂದು, ಮೈಕ್ರೋಸಾಫ್ಟ್ ಕಡೆಯಿಂದ ಒಂದೂ ಬರದಿದ್ದರೆ ನಿಮ್ಮ ಮಾತಲ್ಲಿ ದೋಷವಿಲ್ಲ, ಆ ಒಂದು ಬಾಗಿಲು ಮುಚ್ಚಿದೆ ಅಷ್ಟೇ. ಆಗ ಮೈಕ್ರೋಸಾಫ್ಟ್ 365 ಇರುವ ಸ್ನೇಹಿತರಿಂದ ನಿಮ್ಮ ಮೇಲ್‌ನ ಹೆಡರ್ (ಮೇಲ್ ಜೊತೆ ಬರುವ ತಾಂತ್ರಿಕ ವಿವರ) ತರಿಸಿ 'ಎಸ್‌ಸಿಎಲ್' ಅಂಕಿ, ಅಂದರೆ ಸ್ಪ್ಯಾಮ್ ಅನುಮಾನಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಅಂಕ, ನೋಡಿ. 5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ಸ್ಪ್ಯಾಮ್ ಎಂದು ತೀರ್ಮಾನವಾಗಿದೆ.

ಡೊಮೇನ್ ಕೆಟ್ಟಿದೆ ಅಂತ ಖಚಿತವಾದರೆ ತಾಳ್ಮೆ ಬೇಕು. ಕೋಲ್ಡ್ ಮೇಲ್ ಪೂರ್ತಿ ನಿಲ್ಲಿಸಿ. ಗಿರಾಕಿಗಳ ಜೊತೆಗಿನ ದಿನನಿತ್ಯದ ಮೇಲ್ ಮಾತ್ರ ಓಡಲಿ. ಕೆಲವು ವಾರ ಬಿಟ್ಟು ಮತ್ತೆ ಐದರಿಂದ ಶುರು ಮಾಡಿ. ಅದೇ ಲಿಸ್ಟ್, ಅದೇ ಮೇಲ್ ಇಟ್ಟುಕೊಂಡು ಹೊಸ ಡೊಮೇನ್ ಕೊಂಡರೆ ಅದೂ ಕೆಡುತ್ತದೆ. ಮತ್ತು ಮುಖ್ಯ ಡೊಮೇನಿನಿಂದ ಎಂದೂ ಕೋಲ್ಡ್ ಮೇಲ್ ಕಳಿಸಬೇಡಿ. ನಾವು ಕಳಿಸಿದ್ದೆವು. ಆಮೇಲೆ ಹಳೆಯ ಗಿರಾಕಿಯೊಬ್ಬರು 'ಬಿಲ್ ಕಳಿಸೇ ಇಲ್ವಲ್ರೀ' ಅಂತ ಫೋನ್ ಮಾಡಿದರು. ಬಿಲ್ ಅವರ ಸ್ಪ್ಯಾಮ್‌ನಲ್ಲಿತ್ತು. ಸಂಬಳ ಕೊಡುವ ವಾರ ಅದು. ಆ ದಿನದ ಆತಂಕ ನನಗೆ ಇವತ್ತಿಗೂ ನೆನಪಿದೆ. ಹೆಸರಿಗೆ ಹೋಲುವ ಇನ್ನೊಂದು ಡೊಮೇನ್ ತೆಗೆದುಕೊಳ್ಳಿ, ಅದಕ್ಕೂ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿ, ಮುಖ್ಯ ವೆಬ್‌ಸೈಟಿಗೆ ತಿರುಗಿಸಿ.

ಲಕ್ಷಣ 4: 'ಓಪನ್' ಚೆನ್ನಾಗಿ ತೋರಿಸುತ್ತಿದೆ, ಉತ್ತರ ಇಲ್ಲ

ಎಷ್ಟು ಜನ ಮೇಲ್ ತೆರೆದರು ಅನ್ನುವ ಆ ಅಂಕಿಯನ್ನು ನಂಬಬೇಡಿ. ಮೇಲ್‌ನಲ್ಲಿ ಅಡಗಿಸಿಟ್ಟ ಚಿಕ್ಕ ಚಿತ್ರ ಇಳಿದರೆ ಸಾಧನ ಅದನ್ನು 'ಓಪನ್' ಅಂತ ಎಣಿಸುತ್ತದೆ. ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ 2021ರಿಂದ, ಗೌಪ್ಯತೆಯ ರಕ್ಷಣೆ ಆನ್ ಇದ್ದವರಿಗೆ, ಮೇಲ್ ತೆರೆಯುವ ಮೊದಲೇ ಚಿತ್ರಗಳನ್ನು ತಾನೇ ಇಳಿಸಿಕೊಳ್ಳುತ್ತದೆ. ಓದದಿದ್ದರೂ ಓದಿದ ಹಾಗೆ ಲೆಕ್ಕ ಬರುತ್ತದೆ. ಕಂಪನಿಗಳ ಸುರಕ್ಷತಾ ಸಾಫ್ಟ್‌ವೇರ್ ಲಿಂಕ್‌ಗಳನ್ನು ತಾನೇ ಒತ್ತಿ ಪರೀಕ್ಷಿಸುತ್ತದೆ, ಹಾಗಾಗಿ ಕ್ಲಿಕ್ ಕೂಡ ಸುಳ್ಳಾಗಬಹುದು. ಇನ್ನೊಂದು ಕಡೆ, ಚಿತ್ರ ತಡೆದಿಟ್ಟವರು ನಿಜವಾಗಿ ಓದಿದರೂ ಲೆಕ್ಕಕ್ಕೆ ಬರುವುದಿಲ್ಲ. ನಾವು ಎಣಿಸುವುದು ಎರಡನ್ನೇ: ಬೌನ್ಸ್ ಮತ್ತು ಉತ್ತರ. 'ಬೇಡ' ಅನ್ನುವುದೂ ಉತ್ತರವೇ.

ಲಕ್ಷಣ 5: ಇನ್‌ಬಾಕ್ಸ್‌ಗೆ ಬೀಳುತ್ತಿದೆ ಅಂತ ಖಾತ್ರಿ, ಆದರೂ ಸುಮ್ನೆ ಇದ್ದಾರೆ

ಈಗ, ಈಗ ಮಾತ್ರ, ಲಿಸ್ಟ್ ಮತ್ತು ಬರವಣಿಗೆ ನೋಡಿ. ಅದರಲ್ಲೂ ಮೊದಲು ಲಿಸ್ಟ್.

ನಮ್ಮ ಲಿಸ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ 'ಇನ್ಫೋ' ಅಂತ ಶುರುವಾಗುವ ವಿಳಾಸಗಳಿದ್ದವು. ಚಿಕ್ಕ ಕಾರ್ಖಾನೆಯಲ್ಲಿ ಅದನ್ನು ತೆರೆಯುವುದು ಅಕೌಂಟ್ಸ್ ನೋಡುವವರು. ಅವರು ಹುಡುಕುವುದು ಪರ್ಚೇಸ್ ಆರ್ಡರ್ ಮತ್ತು ಪೇಮೆಂಟ್ ಅಡ್ವೈಸ್. ವೆಬ್‌ಸೈಟ್ ಬಗ್ಗೆ ಬಂದ ಮೇಲ್ ಮಾಲೀಕರ ತನಕ ಹೋಗುವುದೇ ಇಲ್ಲ. ಮೇಲಾಗಿ ಜಿಎಸ್‌ಟಿ: ತಿಂಗಳು ತಿಂಗಳು ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, 3ಬಿಗೆ 20ನೇ ತಾರೀಖು ಗಡುವು. ಆ ನಡುವಿನ ದಿನಗಳಲ್ಲಿ ಆ ಮೇಜಿನ ಮೇಲೆ ನಿಮ್ಮ ಮೇಲ್‌ಗೆ ಜಾಗವಿಲ್ಲ. ಮಾರ್ಚ್ ಕೊನೆ, ಆಯುಧಪೂಜೆ ವಾರವೂ ಅಷ್ಟೇ.

ಹಣ ಕೊಟ್ಟು ಕೊಂಡ ಲಿಸ್ಟ್ ನಾವು ಬಿಟ್ಟೆವು. ಬದಲಿಗೆ ಬೆಂಗಳೂರಿನ ಇಮ್‌ಟೆಕ್ಸ್‌ನಂಥ ಯಂತ್ರೋಪಕರಣ ಪ್ರದರ್ಶನಗಳಲ್ಲಿ ಸ್ಟಾಲ್ ಹಾಕಿದವರ ಪಟ್ಟಿ ನೋಡುತ್ತೇವೆ. ಸ್ಟಾಲ್‌ಗೆ ದುಡ್ಡು ಹಾಕಿದ ಕಂಪನಿಗೆ ಹೊಸ ಗಿರಾಕಿ ಬೇಕು ಅನ್ನುವುದಂತೂ ಖಚಿತ. ಒಬ್ಬೊಬ್ಬರ ವೆಬ್‌ಸೈಟನ್ನೂ ಫೋನ್‌ನಲ್ಲಿ ತೆರೆದು ನೋಡುತ್ತೇವೆ. ದಿನಕ್ಕೆ ಹದಿನೈದು ಮಾಡಿದರೆ ಹೆಚ್ಚು. ಆದರೂ ನಿಧಾನವಾದ ಈ ದಾರಿಯೇ ನಮಗೆ ಕೆಲಸ ತಂದುಕೊಟ್ಟಿದೆ.

ಇನ್ನು ಮೇಲ್. ನಮ್ಮ ಮೊದಲಿನ ಮೇಲ್ ಹೀಗೆ ಶುರುವಾಗುತ್ತಿತ್ತು: 'ನಾವು ಹುಬ್ಬಳ್ಳಿಯ ಮುಂಚೂಣಿ ಡಿಜಿಟಲ್ ಏಜೆನ್ಸಿ. ವೆಬ್ ಡಿಸೈನ್, ಎಸ್‌ಇಒ, ಸೋಷಿಯಲ್ ಮೀಡಿಯಾ, ಬ್ರ್ಯಾಂಡಿಂಗ್ ಸೇವೆ ನೀಡುತ್ತೇವೆ. ನಮ್ಮ ಪ್ರೊಫೈಲ್ ಲಗತ್ತಿಸಿದೆ.' ಇದನ್ನು ಓದಿದ್ದ ಬೆಳಗಾವಿಯ ಮಾಲೀಕರೊಬ್ಬರಿಗೆ ಫೋನ್ ಮಾಡಿ ಅಭಿಪ್ರಾಯ ಕೇಳಿದೆ. 'ನಿಮ್ಮ ಮೇಲ್ ನೋಡೀನ್ರೀ. ಆದ್ರ ನಾ ಏನ್ ಮಾಡಬೇಕು ಅನ್ನೋದು ತಿಳೀಲಿಲ್ಲ ನೋಡ್ರಿ' ಅಂದರು. ನಮಗೆ ಸಿಕ್ಕ ಅತಿ ಒಳ್ಳೆಯ ಪಾಠ ಅದು. ಮೇಲ್‌ನಲ್ಲಿ ನಮ್ಮ ಬಗ್ಗೆ ಎಲ್ಲ ಇತ್ತು, ಅವರ ಬಗ್ಗೆ ಒಂದು ಪದವೂ ಇರಲಿಲ್ಲ.

ಈಗ ಬರೆಯುವುದು ಹೀಗೆ: 'ನಮಸ್ಕಾರ ಸರ್. ನಿಮ್ಮ ವೆಬ್‌ಸೈಟಿನಲ್ಲಿ ಗೇರ್ ಪಂಪ್ ಕ್ಯಾಟಲಾಗ್ ಒತ್ತಿದರೆ ಪುಟ ಸಿಗುತ್ತಿಲ್ಲ ಅಂತ ಬರುತ್ತಿದೆ. ಫೋನ್‌ನಲ್ಲಿ ನೋಡಿದರೆ ಎನ್‌ಕ್ವೈರಿ ಬಟನ್ ಕಾಣಿಸುವುದಿಲ್ಲ. ಎರಡರ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ. ಕಳಿಸಲಾ?' ಅಷ್ಟೇ. ಕೆಳಗೆ ಹೆಸರು, ಫೋನ್ ನಂಬರ್, ಆಫೀಸ್ ವಿಳಾಸ, ಮತ್ತು 'ಬೇಡವಾದರೆ ಬೇಡ ಅಂತ ಒಂದು ಪದ ಬರೆಯಿರಿ, ಮತ್ತೆ ಕಳಿಸುವುದಿಲ್ಲ' ಎಂಬ ಸಾಲು. ಸಬ್ಜೆಕ್ಟ್‌ನಲ್ಲಿ 'ಗೇರ್ ಪಂಪ್ ಕ್ಯಾಟಲಾಗ್ ಲಿಂಕ್' ಅಂತ ಮಾತ್ರ. ಇದೇ ಮೇಲ್ ಇನ್ನೊಬ್ಬರಿಗೆ ಹೋಗುವಂತಿಲ್ಲ. ಹಾಗೆ ಹೋಗುವಂತಿದ್ದರೆ ಅದು ಇನ್ನೂ ಸಿದ್ಧವಾಗಿಲ್ಲ ಅಂತ ಅರ್ಥ.

ಆ ಕೊನೆಯ ಸಾಲನ್ನು ಬಿಡಬೇಡಿ. ಅದಿದ್ದರೆ ಬೇಸರವಾದವರು ಸ್ಪ್ಯಾಮ್ ಬಟನ್ ಒತ್ತುವ ಬದಲು ಉತ್ತರ ಬರೆಯುತ್ತಾರೆ. ಹೊರದೇಶಕ್ಕೆ ಕಳಿಸುವವರಿಗೆ ಕಾನೂನೂ ಇದೆ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಪ್ರಕಾರ ಅಂಚೆ ವಿಳಾಸ ಇರಲೇಬೇಕು, ಬೇಡ ಅಂದವರನ್ನು 10 ಕೆಲಸದ ದಿನಗಳೊಳಗೆ ಲಿಸ್ಟಿನಿಂದ ತೆಗೆಯಬೇಕು. ಕೆನಡಾದಲ್ಲಿ ಒಪ್ಪಿಗೆಯನ್ನೇ ಕೇಳುತ್ತಾರೆ. ಅಲ್ಲಿಗೆ ಕಳಿಸುವ ಮೊದಲು ಬಲ್ಲವರನ್ನು ಕೇಳಿ.

ಫಾಲೋ-ಅಪ್ ಎರಡು ಸಾಕು, ನಡುವೆ ಒಂದು ವಾರದ ಅಂತರ ಇರಲಿ. 'ನನ್ನ ಮೇಲ್ ನೋಡಿದಿರಾ' ಅಂತ ಕೇಳಬೇಡಿ. ಹೊಸದಾಗಿ ಕಂಡ ಒಂದು ವಿಷಯ ಹೇಳಿ.

ಲಕ್ಷಣ 6: ಉತ್ತರ ಬಂದಿದೆ, ನಿಮಗೆ ಗೊತ್ತಿಲ್ಲ

ಇದನ್ನು ಕೊನೆಗೆ ಬರೆಯುತ್ತಿದ್ದೇನೆ, ಆದರೆ ನೀವು ಇವತ್ತೇ ನೋಡಿ. ಎರಡನೇ ಡೊಮೇನ್ ಶುರು ಮಾಡಿದ ಮೇಲೆ ನಮ್ಮಲ್ಲಿ ಎಲ್ಲರೂ ಹಳೆಯ ಮೇಲ್‌ಬಾಕ್ಸನ್ನೇ ತೆರೆದಿಟ್ಟು ಕೂರುತ್ತಿದ್ದೆವು. ಹೊಸದನ್ನು ಸಾಧನದ ಮೂಲಕ ಕಳಿಸಲು ಮಾತ್ರ ಬಳಸುತ್ತಿದ್ದೆವು. ಒಂದು ಶನಿವಾರ ಅದರ ಒಳಗೆ ಹೋಗಿ ನೋಡಿದರೆ ಇನ್‌ಬಾಕ್ಸ್‌ನಲ್ಲಿ ಒಂದು, ನಮ್ಮದೇ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಇನ್ನೊಂದು ಉತ್ತರ ಬಂದು ಬಿದ್ದಿತ್ತು. ಸ್ಪ್ಯಾಮ್‌ನಲ್ಲಿದ್ದದ್ದು ಹನ್ನೊಂದು ದಿನ ಹಳೆಯದು: 'ಸ್ಕ್ರೀನ್‌ಶಾಟ್ ಕಳಿಸಿ, ರೇಟ್ ಹೇಳಿ.' ಕೂಡಲೇ ಫೋನ್ ಮಾಡಿದೆ. ಅಷ್ಟರಲ್ಲಿ ಕೆಲಸ ಬೇರೆಯವರಿಗೆ ಹೋಗಿತ್ತು.

ಬೇರೊಬ್ಬರ ಫೋನ್‌ನಿಂದ ನಿಮ್ಮ ಕೋಲ್ಡ್ ಮೇಲ್‌ಗೆ ಒಂದು ರಿಪ್ಲೈ ಹಾಕಿಸಿ, ಅದು ಯಾವ ವಿಳಾಸಕ್ಕೆ, ಯಾವ ಫೋಲ್ಡರ್‌ಗೆ ಬಂತು ನೋಡಿ. 'ರಿಪ್ಲೈ-ಟು', ಅಂದರೆ ಉತ್ತರ ಹೋಗುವ ವಿಳಾಸ, ತಪ್ಪಿದ್ದರೆ ಆಗಲೇ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಈಗ ಆ ಮೇಲ್‌ಬಾಕ್ಸ್ ಡಿಸೈನ್ ನೋಡುವ ಹುಡುಗಿಯ ಫೋನ್‌ನಲ್ಲೂ ನನ್ನ ಫೋನ್‌ನಲ್ಲೂ ಇದೆ. ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ಒಬ್ಬರು ಸ್ಪ್ಯಾಮ್ ಫೋಲ್ಡರ್ ಸಮೇತ ತೆರೆದು ನೋಡುತ್ತೇವೆ. ಉತ್ತರ ಬಂದಿದ್ದರೆ ಅದೇ ದಿನ ಸ್ಕ್ರೀನ್‌ಶಾಟ್ ಹೋಗುತ್ತದೆ.